ಅಡುಗೆಮನೆ ಕಪಾಟಿನ ಹದಿಮೂರನೆಯ ಹಿಡಿ

ನಮ್ಮ ವನಗೂರಿನ ಕಡೆ ಮನೆಕೆಲಸ ಗಟ್ಟಿಯಾಗಿದೆಯೋ ಇಲ್ಲವೋ ಎಂಬುದು ಗೃಹಪ್ರವೇಶದ ದಿನ ತಿಳಿಯುವುದಿಲ್ಲ. ಅದಕ್ಕೆ ಒಂದು ಮಳೆಗಾಲ ಕಳೆಯಬೇಕು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡದ ಈ ಗುಡ್ಡಗಳಲ್ಲಿ ಜಾಡಿಯ ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆ, ಗೂಟಕ್ಕೆ ಹಾಕಿದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಅಂಥ ಒಂದು ಮಳೆಗಾಲ ಎರಡು ವರ್ಷದ ಹಿಂದೆ ನಮ್ಮ ಅಡುಗೆಮನೆಯ ಕಪಾಟುಗಳನ್ನು ಪರೀಕ್ಷೆ ಮಾಡಿತು. ಕಪಾಟು ಪಾಸಾಯಿತು, ವಿಜ್ಞಾನದ ಮೇಷ್ಟ್ರು ಫೇಲಾದರು. ಆ ಸಂಗತಿಯನ್ನು ಈ ವಾರ ಹೇಳುತ್ತೇನೆ. ಹೊಸ ಅಡುಗೆಮನೆ ಮಾಡಿಸುವ ತಂದೆತಾಯಿಗಳಿಗೂ ಶಾಲೆಗೆ ಹೋಗುವ ಮಕ್ಕಳಿಗೂ ಅದರಿಂದ ಒಂದಿಷ್ಟು ಉಪಯೋಗವಾದೀತು.

ನಮ್ಮ ಹಳೆಯ ಅಡುಗೆಮನೆಯಲ್ಲಿ ಇದ್ದದ್ದು ಬಾಗಿಲಿಲ್ಲದ ಹಲಗೆಗಳು. ನನ್ನ ಹೆಂಡತಿಗೆ ಬಾಗಿಲಿರುವ ಕಪಾಟು ಬೇಕೆಂದು ಬಹಳ ದಿನದ ಆಸೆ. ಊರಿನ ಆಚಾರ್ರನ್ನು ಕರೆಸಿದೆವು. ನಮ್ಮ ತಂದೆಯ ಕಾಲದಿಂದ ಮನೆಯ ಮರಗೆಲಸವೆಲ್ಲ ಅವರದೇ. ತೋಟದಲ್ಲಿ ಬಿದ್ದ ಹಲಸಿನ ಮರ ಕುಯ್ಯಿಸಿ ಇಟ್ಟಿದ್ದೆ. ಅದರಲ್ಲಿ ಹನ್ನೆರಡು ಬಾಗಿಲು ಮಾಡಿದರು. "ಮರದ್ದು ನಂಗಿರ್ಲಿ. ಹಿಡಿ, ಕೀಲು, ಸ್ಕ್ರೂ ನೀವೇ ಪೇಟೆಯಿಂದ ತಂದ್ಬಿಡಿ ಮೇಷ್ಟ್ರೇ" ಎಂದರು.

ಪೇಟೆಯ ಅಂಗಡಿಯಲ್ಲಿ ಒಂದು ಗೋಡೆಯ ತುಂಬ ಹಿಡಿಗಳು. ಅದರಲ್ಲೊಂದು ನನ್ನ ಕಣ್ಣಿಗೆ ಬಿತ್ತು. ಹಳೆಯ ಪೆಟ್ಟಿಗೆಯ ಹಿತ್ತಾಳೆಯಂಥ ಮಾಸಿದ ಹಳದಿ, ಮೇಲೆ ಸುತ್ತಿಗೆಯ ಪೆಟ್ಟಿನ ಸಣ್ಣ ಸಣ್ಣ ಗುಳಿ. "ಆಂಟಿಕ್ ಬ್ರಾಸ್ ಸಾರ್, ಕೈಕೆಲಸದ ಮಾದರಿ" ಎಂದರು ಅಂಗಡಿಯವರು. ನಾನು ಬಿ.ಎಸ್‌ಸಿ., ಬಿ.ಎಡ್. ಅಷ್ಟು ಸುಲಭವಾಗಿ ನಂಬುತ್ತೇನೆಯೇ? ಶಾಲೆಯ ಪ್ರಯೋಗಾಲಯದ ಪುಟ್ಟ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಹಿಡಿಗೆ ಮುಟ್ಟಿಸಿದೆ, ಅಂಟಲಿಲ್ಲ. ಕಬ್ಬಿಣವಲ್ಲ, ಹಿತ್ತಾಳೆಯೇ ಸರಿ ಎಂದು ತೀರ್ಮಾನಿಸಿ, ಒಂದು ಹೆಚ್ಚಿಗೆ ಇರಲಿ ಎಂದು ಹದಿಮೂರು ಕೊಂಡು ತಂದೆ.

ಆಚಾರ್ರು ಒಂದು ಹಿಡಿಯನ್ನು ಅಂಗೈಯಲ್ಲಿ ಎತ್ತಿ ಇಳಿಸಿ ನೋಡಿದರು. "ಇವನ್ನೇ ಹಾಕೋದಾ ಮೇಷ್ಟ್ರೇ?" ಎಂದರು. ನಾನು ಅಯಸ್ಕಾಂತದ ವಿಷಯವನ್ನು ಸ್ವಲ್ಪ ಉದ್ದವಾಗಿಯೇ ವಿವರಿಸಿದೆ. ಅವರು ಮತ್ತೇನೂ ಹೇಳದೆ ಹನ್ನೆರಡು ಹಿಡಿಗಳನ್ನೂ ಕೂರಿಸಿಕೊಟ್ಟರು. ಕೂಲಿಯಲ್ಲಿ ಮೂರು ಸಾವಿರ ಬಾಕಿ ಇತ್ತು. ಕಾಫಿ ದುಡ್ಡು ಬಂದ ಮೇಲೆ ಕೊಡುತ್ತೇನೆ ಎಂದಿದ್ದೆ.

ಮಳೆಗಾಲ ಬಂತು. ಆಗಸ್ಟ್ ಹೊತ್ತಿಗೆ ಸಿಂಕಿನ ಹತ್ತಿರದ ಹಿಡಿಗಳ ಮೇಲೆ ಸಾಸಿವೆಕಾಳಿನಷ್ಟು ಗುಳ್ಳೆಗಳು ಎದ್ದವು. ಸೆಪ್ಟೆಂಬರ್‌ನಲ್ಲಿ ಹಳದಿ ಪೊರೆ ಸುಲಿದು ಒಳಗಿನಿಂದ ಬೂದುಬಣ್ಣದ ಲೋಹ ಇಣುಕಿತು. ಮುಟ್ಟಿದರೆ ಬೆರಳಿಗೆ ಬಿಳಿ ಪುಡಿ. ಒಲೆಯ ಪಕ್ಕದವೂ ಅದೇ ದಾರಿ ಹಿಡಿದಿದ್ದವು. ಹಿತ್ತಾಳೆ ಹೀಗೆ ಸುಲಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಾದರೆ ಇವು ಹಿತ್ತಾಳೆಯಲ್ಲ. ನಾನು ತಂದದ್ದು ಹಿತ್ತಾಳೆ, ಅದನ್ನು ಪರೀಕ್ಷೆ ಮಾಡಿಯೇ ತಂದಿದ್ದೇನೆ. ಅಂದಮೇಲೆ ನಡುವೆ ಏನೋ ನಡೆದಿರಬೇಕು.

ಆಚಾರ್ರು ಬಾಕಿ ಕೇಳಲು ಬಂದ ದಿನ ಅವರನ್ನು ಅಡುಗೆಮನೆಗೆ ಕರೆದೊಯ್ದು ತೋರಿಸಿ, "ನಾನು ಕೊಟ್ಟಿದ್ದು ಹಿತ್ತಾಳೆ. ಇದು ಹಿತ್ತಾಳೆ ಅಲ್ಲ" ಎಂದೆ. ಅಷ್ಟೇ ಅಂದದ್ದು. ಆದರೆ ಹೇಳಬಾರದ್ದೆಲ್ಲ ಆ ಎರಡು ವಾಕ್ಯದಲ್ಲೇ ಇತ್ತು. ಅವರು ಹಿಡಿಯನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾದ್ರೆ ಆ ದುಡ್ಡು ಬ್ಯಾಡ ಬಿಡಿ ಮೇಷ್ಟ್ರೇ" ಎಂದು ಹೇಳಿ ಹೋದರು. ಲೋಟದಲ್ಲಿ ತಂದಿಟ್ಟಿದ್ದ ಕಾಫಿ ಹಾಗೇ ಉಳಿಯಿತು. "ಮಾವನವರ ಕಾಲದಿಂದ ಬರೋರು ಅವ್ರು. ನೀವು ಹಂಗೆ ಅನ್ಬಾರ್ದಿತ್ತು ಕಣ್ರೀ" ಎಂದು ನನ್ನ ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ತರಗತಿಯಲ್ಲಿ ನಡೆದದ್ದು

ಅದಾದ ಕೆಲವು ವಾರಗಳಿಗೆ ಒಂಬತ್ತನೆಯ ತರಗತಿಗೆ ಸಾಂದ್ರತೆಯ ಪಾಠ ಮಾಡಬೇಕಿತ್ತು. ಆರ್ಕಿಮಿಡೀಸನ ಕಥೆ ನಿಮಗೆಲ್ಲ ಗೊತ್ತು. ಸಿರಾಕ್ಯೂಸಿನ ರಾಜ ಹೀರೋನನಿಗೆ ತನ್ನ ಕಿರೀಟದ ಚಿನ್ನದಲ್ಲಿ ಬೆಳ್ಳಿ ಬೆರೆತಿದೆಯೆಂದು ಅಕ್ಕಸಾಲಿಗನ ಮೇಲೆ ಅನುಮಾನ. ಕಿರೀಟವನ್ನು ಮುರಿಯದೆ ಅದನ್ನು ಪತ್ತೆ ಮಾಡಬೇಕು. ಹಳೆಯ ಕಥೆಗೆ ಹೊಸ ಉದಾಹರಣೆ ಇರಲಿ ಎಂದು ನಮ್ಮ ಕಪಾಟಿನ ಸುಲಿದ ಹಿಡಿಯೊಂದನ್ನು ಬಿಚ್ಚಿಕೊಂಡು ಹೋದೆ. "ಒಬ್ಬರ ಮನೆಯಲ್ಲಿ ಹೀಗಾಯಿತು. ಹದಿಮೂರು ಹಿತ್ತಾಳೆ ಹಿಡಿ ತಂದು ಹನ್ನೆರಡನ್ನು ಹಾಕಿಸಿದರು. ಮಳೆಗಾಲ ಮುಗಿದ ಮೇಲೆ ನೋಡಿದರೆ ಹೀಗಿದೆ" ಎಂದೆ. ಊರು ಚಿಕ್ಕದು. ಆ 'ಒಬ್ಬರು' ಯಾರೆಂದು ಮಕ್ಕಳಿಗೆಲ್ಲ ಗೊತ್ತಿತ್ತೆಂದು ಆಮೇಲೆ ತಿಳಿಯಿತು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಹದಿಮೂರನೇದು ಎಲ್ಲಿದೆ ಸಾರ್? ಅದನ್ನೂ ನೋಡಿದ್ರೆ ಗೊತ್ತಾಗಲ್ವಾ?" ಎಂದಳು.

ಮೂವತ್ತು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಪ್ರಯೋಗ ಮಾಡುವಾಗ ಮುಟ್ಟದೆ ಇಟ್ಟ ಒಂದು ಮಾದರಿ ಬೇಕು, ಅದರ ಜೊತೆ ಹೋಲಿಸಿ ನೋಡಬೇಕು ಎಂದು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ. ಆ ಹದಿಮೂರನೆಯ ಹಿಡಿ ಅಂಗಡಿಯ ಪೊಟ್ಟಣದಲ್ಲೇ, ನನ್ನ ಬೀರುವಿನಲ್ಲೇ ಇತ್ತು. ಆಚಾರ್ರ ಕೈ ಅದನ್ನು ಮುಟ್ಟಿರಲೇ ಇಲ್ಲ. ನನಗೆ ಅದು ಹೊಳೆದಿರಲಿಲ್ಲ.

ಮರುದಿನ ಮೂರು ವಸ್ತು ಒಯ್ದೆ: ಸುಲಿದ ಹಿಡಿ, ಪೊಟ್ಟಣದ ಹೊಸ ಹಿಡಿ, ನಮ್ಮ ಅಜ್ಜಿಯ ಹಳೆಯ ಪೆಟ್ಟಿಗೆಯಿಂದ ಬಿಚ್ಚಿದ ಹಿತ್ತಾಳೆ ಬಳೆ. ಜೊತೆಗೆ ಮನೆಯಲ್ಲಿ ಏಲಕ್ಕಿ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ. ಪ್ರಯೋಗ ಬಹಳ ಸುಲಭ. ಮೊದಲು ವಸ್ತುವನ್ನು ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆ ಇಟ್ಟು, ಗುಂಡಿ ಒತ್ತಿ ಅಂಕಿಯನ್ನು ಸೊನ್ನೆ ಮಾಡಿ. ವಸ್ತುವನ್ನು ದಾರಕ್ಕೆ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಇಳಿಬಿಡಿ. ಗಾಳಿಗುಳ್ಳೆ ಅಂಟಿದ್ದರೆ ಅಲ್ಲಾಡಿಸಿ ಬಿಡಿಸಿ. ನೀರು ವಸ್ತುವನ್ನು ಮೇಲಕ್ಕೆ ತಳ್ಳುವಷ್ಟೇ ಬಲದಿಂದ ವಸ್ತು ನೀರನ್ನು ಕೆಳಕ್ಕೆ ತಳ್ಳುತ್ತದೆ. ಆದ್ದರಿಂದ ತಕ್ಕಡಿ ತೋರಿಸುವುದು ಪಕ್ಕಕ್ಕೆ ಸರಿದ ನೀರಿನ ತೂಕವನ್ನು. ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಂ ತೂಗುವುದರಿಂದ ಅದೇ ವಸ್ತುವಿನ ಗಾತ್ರ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು.

ಅಜ್ಜಿಯ ಬಳೆ 102 ಗ್ರಾಂ, ನೀರಿನಲ್ಲಿ 12. ಭಾಗಿಸಿದರೆ 8.5. ಹಿತ್ತಾಳೆಗೆ ಇರಬೇಕಾದದ್ದು ಅಷ್ಟೇ. ಸುಲಿದ ಹಿಡಿ 73 ಗ್ರಾಂ, ನೀರಿನಲ್ಲಿ 11. ಸುಮಾರು 6.6. ಪೊಟ್ಟಣದ ಹೊಸ ಹಿಡಿ 74 ಗ್ರಾಂ, ನೀರಿನಲ್ಲಿ 11. ಸುಮಾರು 6.7.

ಹುಡುಗಿ ಕರಿಹಲಗೆಯ ಮೇಲೆ ಮೂರು ಅಂಕಿಗಳನ್ನೂ ಬರೆದು ಕೂತಳು. ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಹಿಡಿಯನ್ನು ಯಾರೂ ಬದಲಾಯಿಸಿರಲಿಲ್ಲ. ಅಂಗಡಿಯಿಂದ ಬಂದದ್ದೇ ಅದು. ಸಿರಾಕ್ಯೂಸಿನಲ್ಲಿ ತಪ್ಪು ಅಕ್ಕಸಾಲಿಗನದು ಎಂದು ಕಥೆ ಹೇಳುತ್ತದೆ. ವನಗೂರಿನಲ್ಲಿ ತಪ್ಪು ರಾಜನದೇ.

ಅಯಸ್ಕಾಂತ ಹೇಳದ್ದು

ನನ್ನ ತರ್ಕ ಎಲ್ಲಿ ಎಡವಿತು ನೋಡಿ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಈ ಹಿಡಿಯೂ ಅಂಟಲಿಲ್ಲ. ಆದ್ದರಿಂದ ಇದು ಹಿತ್ತಾಳೆ. ಇದು ಆಕಳಿಗೆ ನಾಲ್ಕು ಕಾಲು, ಮೇಜಿಗೂ ನಾಲ್ಕು ಕಾಲು, ಆದ್ದರಿಂದ ಮೇಜೂ ಆಕಳು ಎಂದ ಹಾಗಾಯಿತು. ಸತು, ಅಲ್ಯೂಮಿನಿಯಂ, ಕೆಲವು ಬಗೆಯ ಸ್ಟೇನ್‌ಲೆಸ್ ಸ್ಟೀಲ್, ಇವು ಯಾವುವೂ ಅಂಟುವುದಿಲ್ಲ. ಅಯಸ್ಕಾಂತ ಅಂದು ನನಗೆ ಹೇಳಿದ್ದು 'ಇದು ಸಾಮಾನ್ಯ ಕಬ್ಬಿಣ ಅಲ್ಲ' ಎಂದು ಮಾತ್ರ. ಉಳಿದದ್ದನ್ನು ಸೇರಿಸಿಕೊಂಡವನು ನಾನು.

ಈ ಹಿಡಿಗಳ ಒಳಗಿರುವುದು ಸತುವಿಗೆ ಸುಮಾರು ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ ಬೆರೆಸಿದ ಮಿಶ್ರಲೋಹ. 1920ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಇದಕ್ಕೆ ಜಮಾಕ್ ಎಂದು ಹೆಸರು. ಕಡಿಮೆ ಕಾವಿಗೆ ಕರಗುತ್ತದೆ, ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬಿದರೆ ಸಣ್ಣ ಗೆರೆಯೂ ಬಿಡದೆ ಮೂಡುತ್ತದೆ. ಸುತ್ತಿಗೆಯ ಗುಳಿಗಳು ಬಂದದ್ದು ಹಾಗೆ. ಹನ್ನೆರಡು ಹಿಡಿಗಳನ್ನೂ ಸಾಲಾಗಿ ಇಟ್ಟು ನೋಡಿದೆ. ಪ್ರತಿಯೊಂದರಲ್ಲೂ ಅದೇ ಜಾಗದಲ್ಲಿ ಅದೇ ಗುಳಿ! ಕೈಯಿಂದ ಬಡಿದ ಎರಡು ವಸ್ತು ಹಾಗೆ ಒಂದೇ ಥರ ಇರುವುದು ಸಾಧ್ಯವಿಲ್ಲ. ಅಂಗಡಿಯಲ್ಲೇ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಅಚ್ಚಿನದೆಂದು ಅಲ್ಲೇ ತಿಳಿಯುತ್ತಿತ್ತು.

ಸುಲಿದದ್ದೇಕೆ? ಸತುವಿನ ಮೇಲೆ ತಾಮ್ರದ ತೆಳು ಲೇಪ, ಅದರ ಮೇಲೆ ಹಳೆಯ ಹಿತ್ತಾಳೆಯ ಬಣ್ಣ, ಅದರ ಮೇಲೆ ಮೆರುಗು. ಪಾತ್ರೆ ತಾಗಿಯೋ ಬಳೆ ತಾಗಿಯೋ ಎಲ್ಲಾದರೂ ಕೂದಲೆಳೆಯಷ್ಟು ಗೀರು ಬಿತ್ತೆನ್ನಿ. ಹುಣಸೆಹುಳಿ, ಉಪ್ಪು ಹತ್ತಿದ ಒದ್ದೆ ಕೈ ಮುಟ್ಟಿದಾಗ ಅಲ್ಲಿ ಒಂದು ಪುಟ್ಟ ವಿದ್ಯುತ್ ಕೋಶವೇ ತಯಾರಾಗುತ್ತದೆ. ಕ್ರಿಯಾಶೀಲತೆಯ ಶ್ರೇಣಿಯಲ್ಲಿ ಸತು ಮೇಲಿದೆ, ತಾಮ್ರ ಕೆಳಗಿದೆ. ಹೆಚ್ಚು ಚುರುಕಾದ ಸತುವೇ ಕರಗಿ ಬಿಳಿ ಪುಡಿಯಾಗುತ್ತದೆ, ಪುಡಿ ಉಬ್ಬಿ ಮೇಲಿನ ಪೊರೆಯನ್ನು ಎತ್ತಿಬಿಡುತ್ತದೆ. ಮಕ್ಕಳಿಗೆ ನಾನೊಂದು ಸಾಲು ಬಾಯಿಪಾಠ ಮಾಡಿಸಿದ್ದೇನೆ: ಕಬ್ಬಿಣ ಕೆಡುವಾಗ ಕೆಂಪು, ತಾಮ್ರ ಕೆಡುವಾಗ ಹಸಿರು, ಸತು ಕೆಡುವಾಗ ಬಿಳಿ.

ಹಾಗೆಂದು ಸತುವನ್ನು ಬೈಯಬೇಡಿ. ಮನೆಯ ಸೂರಿನ ಜಿಂಕ್ ಶೀಟಿನಲ್ಲಿ ತಾನು ಸವೆದು ಕಬ್ಬಿಣವನ್ನು ಕಾಯುವುದು ಇದೇ ಸತು. ರಾಜಸ್ಥಾನದ ಝಾವರ್‌ನಲ್ಲಿ ಯೂರೋಪಿಗಿಂತ ಶತಮಾನಗಳ ಮೊದಲೇ ಸತುವನ್ನು ಬಟ್ಟಿಯಿಳಿಸಿ ತೆಗೆಯುತ್ತಿದ್ದರು. ನಮ್ಮ ಬೀದರಿನ ಬಿದರಿ ಕಲೆಯ ಲೋಹವೂ ಬಹುಪಾಲು ಸತುವೇ, ಜೊತೆಗೆ ಸ್ವಲ್ಪ ತಾಮ್ರ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಅದನ್ನು ಕಪ್ಪು ಮಾಡುತ್ತಾರೆ, ಮೇಲೆ ಬೆಳ್ಳಿಯ ಎಳೆ ಮಿನುಗುತ್ತದೆ. ಬಿದರಿಯವರು ಸತುವನ್ನು ಹಿತ್ತಾಳೆ ಎಂದು ಹೇಳಿ ಮಾರುವುದಿಲ್ಲ. ತಂಟೆ ಇರುವುದು ಲೋಹದಲ್ಲಲ್ಲ, ಅದಕ್ಕಿಟ್ಟ ಹೆಸರಿನಲ್ಲಿ.

ಆಚಾರ್ರ ಜಗಲಿಯಲ್ಲಿ

ಅಂದು ಸಂಜೆಯೇ ಆಚಾರ್ರ ಮನೆಗೆ ಹೋದೆ. ಮೂರು ಸಾವಿರ, ಆ ಹದಿಮೂರನೆಯ ಹಿಡಿ, ಎರಡೂ ಜೇಬಿನಲ್ಲಿದ್ದವು. ತಪ್ಪು ನನ್ನದು ಎಂದು ಹೇಳಿದೆ. ಆ ವಾಕ್ಯ ಚಿಕ್ಕದು, ಆದರೆ ಬಾಯಿಂದ ಹೊರಡಿಸಲು ಕೂಡುರಸ್ತೆಯಿಂದ ಅವರ ಮನೆ ತನಕದ ದಾರಿಯೆಲ್ಲ ಅಭ್ಯಾಸ ಮಾಡಬೇಕಾಯಿತು. ಅವರು ಹಿಡಿಯನ್ನು ಮತ್ತೆ ಅಂಗೈಯಲ್ಲಿ ಎತ್ತಿ ಇಳಿಸಿ, "ಕೈಗೆ ತಗಂಡಾಗ್ಲೇ ಗೊತ್ತಾಗಿತ್ತು ಮೇಷ್ಟ್ರೇ, ತೂಕ ಸಾಲ್ದು ಅಂತ" ಎಂದರು. "ಮತ್ತೆ ಯಾಕೆ ಹೇಳಲಿಲ್ಲ?" ಎಂದೆ. "ನೀವು ಅಯಸ್ಕಾಂತ ಹಿಡ್ದು ನೋಡಿ ತಂದೋರು. ನಾ ಏನ್ ಹೇಳ್ಲಿ?" ಎಂದರು.

ಅವರ ಅಂಗೈ ಅಳೆದದ್ದನ್ನೇ ನಾನು ತಕ್ಕಡಿ, ನೀರು, ದಾರ ಎಲ್ಲ ಸೇರಿಸಿ ಅಳೆದಿದ್ದೆ. ನನ್ನ ಡಿಗ್ರಿ ಅವರ ಬಾಯಿ ಕಟ್ಟಿಹಾಕಿತ್ತು. ಆ ಸಂಜೆ ಅವರು ಕಾಫಿ ಮಾಡಿಸಿದರು, ನಾನು ಕುಡಿದೆ. ಆಮೇಲೆ ನಮ್ಮ ಕಪಾಟಿಗೆ ಏನು ಹಾಕಬೇಕೆಂದು ಅವರನ್ನೇ ಕೇಳಿದೆ. ಅವರು ಹೇಳಿದ್ದಕ್ಕೆ ನನಗೆ ಗೊತ್ತಿದ್ದದ್ದನ್ನೂ ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಹಿಡಿಯ ಲೋಹ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಗಟ್ಟಿ ಹಿತ್ತಾಳೆ ಮಾಸುತ್ತದೆ, ಆದರೆ ಸುಲಿಯುವುದಿಲ್ಲ. ಹುಣಸೆಹಣ್ಣಿನ ಆಮ್ಲ ಆ ಮಾಸನ್ನು ಕರಗಿಸುತ್ತದೆ. ಮೆರುಗೆಣ್ಣೆ ಬಳಿದ ಹಿತ್ತಾಳೆಯನ್ನು ಮಾತ್ರ ಹುಣಸೆ ಹಾಕಿ ಉಜ್ಜಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೊಳ್ಳುವಾಗ ಅಂಗಡಿಯವರನ್ನು ಕೇಳಿ, ಹಿಡಿಯ ಹಿಂಭಾಗದಲ್ಲಿ, ಮರಕ್ಕೆ ಕೂರುವ ಜಾಗದಲ್ಲಿ, ಸಣ್ಣ ಅರದಿಂದ ಒಂದು ಗೀರು ಹಾಕಿ. ಒಳಗೂ ಹಳದಿ ಇದ್ದರೆ ಹಿತ್ತಾಳೆ. ಬೂದುಬಿಳಿ ಕಂಡರೆ ಮೇಲಿನದು ಬರೀ ಲೇಪ. ಗೀರು ಹಾಕಲು ಬಿಡದಿದ್ದರೆ ಬಿಲ್ಲಿನಲ್ಲಿ 'ಗಟ್ಟಿ ಹಿತ್ತಾಳೆ' ಎಂದು ಬರೆದುಕೊಡಲು ಕೇಳಿ. ನಮ್ಮ ದೇಶದಲ್ಲಿ ಉತ್ತರ ಪ್ರದೇಶದ ಮೊರಾದಾಬಾದ್, ಅಲಿಗಢಗಳು ಹಿತ್ತಾಳೆ ಸಾಮಾನಿಗೆ ಹೆಸರಾದ ಊರುಗಳು. ನಮ್ಮ ಮಂಡ್ಯ ಜಿಲ್ಲೆಯ ನಾಗಮಂಗಲದಲ್ಲೂ ಲೋಹ ಎರಕದ ಹಳೆಯ ಪರಂಪರೆ ಇದೆ.

ಕುಲುಮೆಯಲ್ಲಿ ಬಡಿದ ಕಬ್ಬಿಣದ ಹಿಡಿಗಳೂ ಈಗ ಮತ್ತೆ ಬಳಕೆಗೆ ಬರುತ್ತಿವೆ. ನೋಡಲು ಚೆಂದ. ಆದರೆ ಗಾಳಿಯ ತೇವಾಂಶ ನೂರಕ್ಕೆ ಅರವತ್ತು ದಾಟಿತೆಂದರೆ ತುಕ್ಕು ಚುರುಕಾಗುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಅರವತ್ತಕ್ಕೆ ಇಳಿಯುವುದೇ ಇಲ್ಲ ಎನ್ನಬಹುದು. ಹಾಕಲೇಬೇಕೆಂದಿದ್ದರೆ ಮೇ ತಿಂಗಳಲ್ಲಿ ಬಿಚ್ಚಿ, ಬಿಸಿ ಮಾಡಿ, ಜೇನುಮೇಣ ಸವರಿ. ಅಗಸೆ ಎಣ್ಣೆಯೂ ಆದೀತು, ಅದು ಒಣಗಿ ಪೊರೆಯಾಗುತ್ತದೆ. ತೆಂಗಿನೆಣ್ಣೆ ಒಣಗುವುದಿಲ್ಲ, ಧೂಳು ಹಿಡಿಯುತ್ತದೆ.

ಎರಡನೆಯದು ಕೀಲು ಮತ್ತು ಸ್ಕ್ರೂ. ಹಿಡಿಗೆ ಐನೂರು ಕೊಟ್ಟು ಸ್ಕ್ರೂಗೆ ಅಗ್ಗದ್ದು ಹಾಕುವವರೇ ಹೆಚ್ಚು. ಹಿತ್ತಾಳೆಗೆ ತಾಗಿದ ಸಾಮಾನ್ಯ ಕಬ್ಬಿಣದ ಸ್ಕ್ರೂ ತೇವದಲ್ಲಿ ಒಂಟಿಯಾಗಿರುವುದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಕಾರಣ ಮತ್ತೆ ಅದೇ ಕ್ರಿಯಾಶೀಲತೆಯ ಶ್ರೇಣಿ. ಸಾಲದ್ದಕ್ಕೆ ಕೆಲವು ಮರಗಳಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಕಬ್ಬಿಣದ ಜೊತೆ ಸೇರಿ ಕಪ್ಪು ಕಲೆ ಮಾಡುತ್ತದೆ. ಅಳಲೆಕಾಯಿ ಮತ್ತು ಅನ್ನಭೇದಿಯಿಂದ ಹಿಂದಿನವರು ಶಾಯಿ ಮಾಡುತ್ತಿದ್ದದ್ದು ಇದೇ ರಸಾಯನದಿಂದ. ಸ್ಟ್ರಾಂಗ್ ಚಹಾ ಕಷಾಯದಲ್ಲಿ ತುಕ್ಕು ಮೊಳೆಯೊಂದನ್ನು ರಾತ್ರಿಯಿಡೀ ಬಿಟ್ಟರೆ ಮಕ್ಕಳು ಇದನ್ನು ಮನೆಯಲ್ಲೇ ನೋಡಬಹುದು. ಆದ್ದರಿಂದ ಕೀಲಿಗೂ ಸ್ಕ್ರೂಗೂ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಅದರಲ್ಲಿ 304 ಎಂಬ ದರ್ಜೆಯನ್ನು ಹೆಸರು ಹೇಳಿ ಕೇಳಿ. ಅದರಲ್ಲಿ ಸುಮಾರು ನೂರಕ್ಕೆ 18 ಕ್ರೋಮಿಯಂ, 8 ನಿಕಲ್ ಇರುತ್ತದೆ. ಇಲ್ಲಿಯೂ ಅಯಸ್ಕಾಂತವನ್ನೇ ನಂಬಬೇಡಿ. 202 ಎಂಬ ಅಗ್ಗದ ದರ್ಜೆಯೂ ಸಾಮಾನ್ಯವಾಗಿ ಅಂಟುವುದಿಲ್ಲ, ಆದರೆ ಅಷ್ಟು ತಾಳುವುದಿಲ್ಲ.

ಮೂರನೆಯದು ಅಳತೆ. ಹಿಡಿಯ ಎರಡು ತೂತುಗಳ ನಡುವೆ 96 ಅಥವಾ 128 ಮಿಲಿಮೀಟರ್ ಇರುವ ಮಾದರಿ ಆರಿಸಿ. ಇವು ಹೆಚ್ಚು ಚಾಲ್ತಿಯಲ್ಲಿರುವ ಅಳತೆಗಳು. ಮುಂದೆ ಬದಲಾಯಿಸಬೇಕಾದರೆ ಬಾಗಿಲಿಗೆ ಹೊಸ ತೂತು ಕೊರೆಯಬೇಕಾಗುವುದಿಲ್ಲ. ಹಿಡಿಗೂ ಬಾಗಿಲಿಗೂ ನಡುವೆ ಮನೆಯ ಅತಿ ದೊಡ್ಡ ಕೈಯ ಬೆರಳು ಹೋಗಬೇಕು. ಹಿಡಿಯನ್ನು ಕೀಲಿನಿಂದ ಆದಷ್ಟು ದೂರದ ಅಂಚಿಗೆ ಕೂರಿಸಿ. ಹದಿನೆಂಟು ಅಂಗುಲದ ಬಾಗಿಲಿನಲ್ಲಿ ಹಿಡಿ ನಡುವೆ ಇದ್ದರೆ ಅಂಚಿನಲ್ಲಿರುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಬಲ ಬೇಕು. ಸನ್ನೆಯ ನಿಯಮ ಓದಿದ ಮಕ್ಕಳು ಕಾರಣ ಹೇಳಲಿ.

ಕೊನೆಗೆ ಆಚಾರ್ರ ಸಲಹೆ: "ನೀರು ಬೀಳೋ ಕಡೆ ಲೋಹನೇ ಯಾಕ್ ಬೇಕು?" ಸಿಂಕು ಮತ್ತು ಒಲೆಯ ಹತ್ತಿರದ ಐದು ಬಾಗಿಲಿಗೆ ಉಳಿದ ಹಲಸಿನ ತುಂಡಿನಲ್ಲೇ ಅವರು ಹಿಡಿ ಕಡೆದು, ಒಳಗಿನಿಂದ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರು. ಐದೂ ಒಂದರಂತೆ ಒಂದಿಲ್ಲ. ಉಳಿದ ಏಳಕ್ಕೆ ಗಟ್ಟಿ ಹಿತ್ತಾಳೆ ತಂದೆವು. ಈ ಸಲ ಅಂಗಡಿಗೆ ಅವರನ್ನೂ ಕರೆದುಕೊಂಡು ಹೋಗಿದ್ದೆ. ನನ್ನ ಕೈಯಲ್ಲಿ ಅರ ಇತ್ತು, ಅವರು ಅಂಗೈಯಲ್ಲೇ ತೂಗಿದರು. ಇಬ್ಬರ ಉತ್ತರವೂ ಒಂದೇ ಬಂತು. ಆಮೇಲೆ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಹಿತ್ತಾಳೆ ಮಾಸಿದೆ, ಹಲಸು ಕಂದಿದೆ, ಸುಲಿದದ್ದು ಒಂದೂ ಇಲ್ಲ.

ಮಕ್ಕಳೇ, ಈ ಭಾನುವಾರ ನಿಮ್ಮ ಮನೆಯ ಒಂದು ಹಿಡಿಯನ್ನೋ ಚಿಲಕವನ್ನೋ ದೊಡ್ಡವರನ್ನು ಕೇಳಿ ಬಿಚ್ಚಿಸಿ ಅದರ ಸಾಂದ್ರತೆ ಕಂಡುಹಿಡಿಯಿರಿ. 8.5ರ ಆಸುಪಾಸು ಬಂದರೆ ಹಿತ್ತಾಳೆ, 7.8 ಬಂದರೆ ಉಕ್ಕು, 6.7 ಬಂದರೆ ನಮ್ಮ ಮನೆಯ ಹಳೆಯ ನೆಂಟ, 2.7 ಬಂದರೆ ಅಲ್ಯೂಮಿನಿಯಂ. ಒಳಗೆ ಪೊಳ್ಳಿದ್ದರೆ ಲೆಕ್ಕ ತಪ್ಪುತ್ತದೆ, ಅದನ್ನೂ ನೋಡಿಕೊಳ್ಳಿ. ದೊಡ್ಡವರಿಗೆ ಒಂದೇ ಮಾತು. ಹಿಡಿ ತರುವ ಮೊದಲು, ಅದನ್ನು ಕೂರಿಸುವವರನ್ನು ಒಮ್ಮೆ ಕೇಳಿ. ಕೇಳಿದ ಮೇಲೆ ಅವರು ಉತ್ತರ ಹೇಳುವ ತನಕ ಸುಮ್ಮನಿರಿ.